ಮೂತ್ರಪಿಂಡದ ಫೈಬ್ರೋಸಿಸ್‌ಗೆ ಜೀನ್ ಚಿಕಿತ್ಸೆ: ಇತಿಹಾಸ

ಪೆಟ್ಟು ತಿಂದ ಮೂತ್ರಪಿಂಡದಲ್ಲಿ ಕೊಲಾಜನ್ ಮೊದಲಾದ ನಾರುಪದಾರ್ಥಗಳು ಮಿತಿಮೀರಿ ಶೇಖರವಾಗಿ, ಕೆಲಸ ಮಾಡುವ ಅಂಗಾಂಶದ ಜಾಗವನ್ನು ಆಕ್ರಮಿಸುವುದಕ್ಕೆ ಫೈಬ್ರೋಸಿಸ್ ಎನ್ನುತ್ತಾರೆ. ಮೂಲ ಕಾರಣ ಮಧುಮೇಹವಿರಲಿ, ರಕ್ತದೊತ್ತಡವಿರಲಿ, ದೀರ್ಘಕಾಲದ ಮೂತ್ರಪಿಂಡ ಕಾಯಿಲೆಗಳು ಬಹುಪಾಲು ಇಲ್ಲಿಗೇ ಬಂದು ಮುಟ್ಟುತ್ತವೆ.

ಟಿಜಿಎಫ್-ಬೀಟಾ1 ಎಂಬ ಪ್ರೋಟೀನನ್ನು ತಡೆದರೆ ಇಲಿಗಳ ಮೂತ್ರಪಿಂಡದಲ್ಲಿ ನಾರು ಕಡಿಮೆಯಾಗುತ್ತದೆಂದು ವೇಯ್ನ್ ಬಾರ್ಡರ್ ಮತ್ತು ಎರ್ಕಿ ರೂಸ್ಲಾಟಿ 1990ರಲ್ಲಿ ತೋರಿಸಿದರು. ಅದೇ ಪ್ರೋಟೀನನ್ನು ಕಟ್ಟಿಹಾಕುವ ಡೆಕೋರಿನ್‌ನ ಜೀನನ್ನು ಯೊಶಿತಾಕಾ ಇಸಾಕಾ, ಬಾರ್ಡರ್ ಮತ್ತು ಸಂಗಡಿಗರು ಇಲಿಗಳಿಗೆ ಕೊಟ್ಟ ಪ್ರಯೋಗ 1996ರಲ್ಲಿ ಪ್ರಕಟವಾಯಿತು. ಈ ಕ್ಷೇತ್ರದ ಆರಂಭವನ್ನು ಸಾಮಾನ್ಯವಾಗಿ ಇಲ್ಲಿಂದ ಎಣಿಸುವುದುಂಟು. ಆದರೆ ಹಾಗೆ ಎಣಿಸುವಾಗ ಎರಡು ಸಂಗತಿಗಳು ಮರೆಯಾಗುತ್ತವೆ. ಜೀನ್ ಹೋದದ್ದು ಮೂತ್ರಪಿಂಡಕ್ಕಲ್ಲ, ಅಸ್ಥಿಸ್ನಾಯುವಿಗೆ. ಅಲ್ಲಿ ತಯಾರಾದ ಡೆಕೋರಿನ್ ರಕ್ತದ ಮೂಲಕ ಮೂತ್ರಪಿಂಡ ತಲುಪಿತು. ಬಳಸಿದ ರೋಗಮಾದರಿಯೂ ಒಂದೇ ಚುಚ್ಚುಮದ್ದಿನಿಂದ ಬರಿಸಿದಾಗ ಬಹುಮಟ್ಟಿಗೆ ತಾನಾಗಿಯೇ ಇಳಿಯುವಂಥದು.

ಆಮೇಲೆ ಎಚ್‌ಜಿಎಫ್ ಎಂಬ ಬೆಳವಣಿಗೆ ಅಂಶದ ಜೀನ್ ಬಂತು. 2003ರಲ್ಲಿ ಅಲ್ಟ್ರಾಸೌಂಡ್ ಮತ್ತು ಸೂಕ್ಷ್ಮಗುಳ್ಳೆಗಳ ನೆರವಿನಿಂದ, ಟಿಜಿಎಫ್-ಬೀಟಾ ಸಂಕೇತವನ್ನು ತಡೆಯುವ ಸ್ಮ್ಯಾಡ್7 ಜೀನನ್ನು ಮೂತ್ರಪಿಂಡದೊಳಕ್ಕೇ ಸೇರಿಸಿದ ವರದಿ ಬಂತು. ಇಂಥ ಬಹಳಷ್ಟು ಪ್ರಯೋಗಗಳಲ್ಲಿ ಒಂದು ಮೂತ್ರನಾಳವನ್ನು ಕಟ್ಟಿ ಒಂದೆರಡು ವಾರಗಳಲ್ಲೇ ನಾರು ಬರಿಸಲಾಗುತ್ತಿತ್ತು. ಮನುಷ್ಯರಲ್ಲಿ ಇದು ವರ್ಷಗಟ್ಟಲೆ ನಡೆಯುವ ಪ್ರಕ್ರಿಯೆ.

ನಾರು ಸುರಿಸುವ ಕೋಶಗಳು ಎಲ್ಲಿಂದ ಬರುತ್ತವೆ ಎಂಬುದೇ ದೊಡ್ಡ ವಿವಾದ. ಇಲಿಗಳಲ್ಲಿ ಸುಮಾರು ಶೇ. 36ರಷ್ಟು ಇಂಥ ಕೋಶಗಳು (ಫೈಬ್ರೋಬ್ಲಾಸ್ಟ್‌ಗಳು) ಮೂತ್ರಪಿಂಡದ ನಳಿಕೆಯ ಗೋಡೆಯ ಕೋಶಗಳಿಂದ ಹುಟ್ಟುತ್ತವೆ ಎಂದು 2002ರ ಅಧ್ಯಯನ ಹೇಳಿತು. 2013ರ ಇನ್ನೊಂದು ಆ ಪಾಲನ್ನು ಶೇ. 5ಕ್ಕೆ ಇಳಿಸಿತು. ನಡುವೆ, 2010ರಲ್ಲಿ, ಬೆಂಜಮಿನ್ ಹಂಫ್ರೀಸ್ ತಂಡ ರಕ್ತನಾಳಗಳನ್ನು ಸುತ್ತುವರಿದ ಪೆರಿಸೈಟ್‌ಗಳತ್ತ ಬೆರಳು ತೋರಿಸಿತ್ತು. ಮಾನವ ಮೂತ್ರಪಿಂಡದ ಒಂದೊಂದೇ ಕೋಶವನ್ನು ಓದಿದ 2021ರ ಅಧ್ಯಯನವೂ ಪೆರಿಸೈಟ್ ಮತ್ತು ಫೈಬ್ರೋಬ್ಲಾಸ್ಟ್‌ಗಳ ಕಡೆಗೇ ವಾಲಿತು. ಗುರಿ ಯಾವ ಕೋಶವೆಂದು ಗೊತ್ತಾಗದೆ ಜೀನ್ ಸಾಗಿಸುವುದು ವಿಳಾಸವಿಲ್ಲದ ಅಂಚೆ.

ಈ ದೃಷ್ಟಿಯಿಂದ 2018ನ್ನೇ ನಿಜವಾದ ತಿರುವು ಎನ್ನಬಹುದು. ಆ ವರ್ಷ ಹಂಫ್ರೀಸ್ ತಂಡ ಪರೀಕ್ಷಿಸಿದ ಆರು ಎಎವಿ ವೈರಸ್ ವಾಹಕಗಳಲ್ಲಿ ಕೃತಕವಾಗಿ ರೂಪಿಸಿದ ಎಎನ್‌ಸಿ80 ಮಾತ್ರ ಪೆರಿಸೈಟ್, ಫೈಬ್ರೋಬ್ಲಾಸ್ಟ್‌ಗಳಂಥ ಆಧಾರ ಅಂಗಾಂಶದ ಕೋಶಗಳನ್ನು ಚೆನ್ನಾಗಿ ಹೊಕ್ಕಿತು. ಡಿಎನ್‌ಎ ಕತ್ತರಿಸದ ಕ್ರಿಸ್ಪರ್ ಸಾಧನದಿಂದ, ಮುಚ್ಚಿಹೋದ ರಾಸಾಲ್1 ಮತ್ತು ಕ್ಲೋಥೋ ಜೀನ್‌ಗಳನ್ನು ಮತ್ತೆ ಚಾಲೂ ಮಾಡಿ ಇಲಿಗಳಲ್ಲಿ ಫೈಬ್ರೋಸಿಸ್ ತಗ್ಗಿಸಿದ ವರದಿಯೂ ಆಗಲೇ ಬಂತು.

ಆಲ್‌ಪೋರ್ಟ್ ಸಿಂಡ್ರೋಮ್ ಎಂಬ ಆನುವಂಶಿಕ ಮೂತ್ರಪಿಂಡ ಕಾಯಿಲೆಯ ರೋಗಿಗಳಿಗೆ ಕೊಟ್ಟ ಲಾಡೆಮಿರ್ಸೆನ್ ಅನ್ನು ಕೆಲವರು ಈ ಸಾಲಿಗೆ ಸೇರಿಸುತ್ತಾರೆ. ಅದು ಮೈಕ್ರೋಆರ್‌ಎನ್‌ಎ-21ನ್ನು ತಡೆಯುವ ನ್ಯೂಕ್ಲಿಕ್ ಆಮ್ಲದ ಪುಟ್ಟ ತುಣುಕು. ಯಾವ ಜೀನನ್ನೂ ಸೇರಿಸುವುದಿಲ್ಲ. ಪರಿಣಾಮ ಕಾಣದೆ ಅದರ ಎರಡನೇ ಹಂತದ ಪ್ರಯೋಗವನ್ನು 2022ರಲ್ಲಿ ನಿಲ್ಲಿಸಲಾಯಿತು. ಮೂತ್ರಪಿಂಡದ ಫೈಬ್ರೋಸಿಸ್‌ಗೆಂದೇ ಮಂಜೂರಾದ ಜೀನ್ ಚಿಕಿತ್ಸೆ ಇನ್ನೂ ಒಂದೂ ಇಲ್ಲ.