ಹಳೆ ಲೆನ್ಸು, ಹೊಸ ಕ್ಯಾಮೆರಾ ಮತ್ತು ಒಂದು ಡಬ್ಬಿ ನೆಗೆಟಿವ್



ಕಳೆದ ಮಳೆಗಾಲದಲ್ಲಿ ಮುಳ್ಳೇರಿಯ ಕಡೆಯ ಹಿರಿಯ ಸ್ಟುಡಿಯೋದವರೊಬ್ಬರು ನನ್ನನ್ನು ಮನೆಗೆ ಕರೆದು ಎರಡು ಡಬ್ಬಿ ಕೊಟ್ಟರು. ಅವರು ಅಂಗಡಿ ಮುಚ್ಚಿ ವರ್ಷಗಳೇ ಆದವು. ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ನಮ್ಮ ಬೆಳ್ಳೂರು, ಕಿನ್ನಿಂಗಾರು, ನಾಟೆಕಲ್ಲು ಸುತ್ತಮುತ್ತ ತೆಗೆದ ಫೋಟೋಗಳ ನೆಗೆಟಿವ್‌ಗಳಿದ್ದವು. ಇನ್ನೊಂದರಲ್ಲಿ ಹಳೆ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ಲೆನ್ಸು.

“ಮಾಷ್ಟ್ರೇ, ಕ್ಯಾಮೆರಾ ಹಾಳಾಗಿ ಗುಜರಿಗೆ ಹೋಯ್ತು. ಇದನ್ನು ಬಿಸಾಡ್ಲಿಕ್ಕೆ ಮನಸ್ಸು ಬರಲಿಲ್ಲ. ಮಕ್ಕಳಿಗೆ ಭೂತಗನ್ನಡಿಯ ಹಾಗೆ ತೋರಿಸ್ಲಿಕ್ಕಾದರೂ ಆದೀತು” ಎಂದರು.

ಭೂತಗನ್ನಡಿಯಾಗಿ ಅಲ್ಲ, ಆ ಲೆನ್ಸು ಲೆನ್ಸಾಗಿಯೇ ಮತ್ತೆ ಕೆಲಸಕ್ಕೆ ಬಂತು! ಮೊದಲನೆಯ ಡಬ್ಬಿಯನ್ನು ಉಳಿಸಿದ್ದು ಎರಡನೆಯ ಡಬ್ಬಿಯೇ. ಅದು ಹೇಗೆ ಎಂದು ತಿಳಿಯಬೇಕಾದರೆ ಸ್ವಲ್ಪ ಇತಿಹಾಸಕ್ಕೆ ಹೋಗಬೇಕು.

ಆ ಲೆನ್ಸಿನ ಹೆಸರು ಸೂಪರ್ ಟಾಕುಮಾರ್, 55 ಮಿ.ಮೀ., ಜಪಾನಿನ ಅಸಾಹಿ ಪೆಂಟಾಕ್ಸ್ ಕಂಪೆನಿಯದ್ದು. ಅದರ ಹಿಂಬದಿಯಲ್ಲಿ ಬಾಟಲಿ ಮುಚ್ಚಳದಂತೆ ತಿರುಪಿನ ಎಳೆಗಳಿವೆ. ವ್ಯಾಸ 42 ಮಿ.ಮೀ., ಎಳೆಯಿಂದ ಎಳೆಗೆ 1 ಮಿ.ಮೀ. ಅಂತರ. ಆದ್ದರಿಂದಲೇ ಈ ಜೋಡಣೆಗೆ ಎಂ42 ಎಂದು ಹೆಸರು. 1949ರಲ್ಲಿ ಪೂರ್ವ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ತಯಾರಾದ ಕಾಂಟಾಕ್ಸ್ ಎಸ್ ಕ್ಯಾಮೆರಾದಲ್ಲಿ ಈ ತಿರುಪು ಬಂತು. ಮುಂದೆ ಜರ್ಮನಿಯ ಪ್ರಾಕ್ಟಿಕಾ, ಸೋವಿಯತ್ ದೇಶದ ಝೆನಿಟ್, ಜಪಾನಿನ ಪೆಂಟಾಕ್ಸ್ ಎಲ್ಲವೂ ಇದೇ ತಿರುಪನ್ನು ಬಳಸಿದವು. ಬೇರೆ ಬೇರೆ ದೇಶ, ಬೇರೆ ಬೇರೆ ರಾಜಕೀಯ... ತಿರುಪು ಮಾತ್ರ ಒಂದೇ! ಒಬ್ಬರ ಲೆನ್ಸು ಇನ್ನೊಬ್ಬರ ಕ್ಯಾಮೆರಾಕ್ಕೆ ಕೂರುತ್ತಿತ್ತು.

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತಷ್ಟೆ. ಅದಾಗಿ ಮೂರು ವರ್ಷಕ್ಕೆ, 1959ರಲ್ಲಿ, ನಿಕಾನ್ ಕಂಪೆನಿ ತಿರುಪಿಲ್ಲದ ತನ್ನದೇ ಆದ ‘ಎಫ್’ ಜೋಡಣೆಯನ್ನು ತಂದಿತು. ಲೆನ್ಸನ್ನು ಒಳಗಿಟ್ಟು ಸ್ವಲ್ಪ ತಿರುಗಿಸಿದರೆ ಟಕ್ ಎಂದು ಕೂರುವ ಕ್ರಮ. 1975ರಲ್ಲಿ ಪೆಂಟಾಕ್ಸ್ ಕೂಡ ತಿರುಪು ಬಿಟ್ಟಿತು. ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ಅದರ ಮರುವರ್ಷ, 1985ರಲ್ಲಿ, ಮಿನೋಲ್ಟಾ 7000 ಬಂತು. ಫೋಕಸ್ ಮಾಡುವ ಮೋಟಾರು ಕ್ಯಾಮೆರಾದ ಒಳಗೇ! 1987ರಲ್ಲಿ ಕ್ಯಾನನ್ ಕಂಪೆನಿ ತನ್ನ ಹಳೆಯ ‘ಎಫ್.ಡಿ.’ ಜೋಡಣೆಯನ್ನೇ ಕೈಬಿಟ್ಟು ‘ಇ.ಎಫ್.’ ತಂದಿತು. ಹೊಸ ಜೋಡಣೆಯಲ್ಲಿ ಲೆನ್ಸಿಗೂ ಕ್ಯಾಮೆರಾಕ್ಕೂ ಇದ್ದ ಮಾತುಕತೆ ಪೂರ್ತಿ ವಿದ್ಯುತ್ತಿನಲ್ಲೇ. ಎಫ್.ಡಿ. ಲೆನ್ಸುಗಳಿಗಾಗಿ ಹಣ ಸುರಿದಿದ್ದ ಛಾಯಾಗ್ರಾಹಕರು ಒಂದೇ ಸಲಕ್ಕೆ ನಡುದಾರಿಯಲ್ಲಿ ಉಳಿದರು.

ಅದಕ್ಕೂ ಮೊದಲು ಎಲ್ಲವೂ ಕೈಯ ಕೆಲಸವೇ ಆಗಿತ್ತು. ಸಂಡೂರಿನ ಎಂ.ವೈ. ಘೋರ್ಪಡೆಯವರನ್ನು ಕರ್ನಾಟಕದ ಹಣಕಾಸು ಸಚಿವರಾಗಿ ಹಲವರು ಬಲ್ಲರು. ಅವರು ದೊಡ್ಡ ವನ್ಯಜೀವಿ ಛಾಯಾಗ್ರಾಹಕರೂ ಹೌದು. ಅವರ ‘ಸನ್‌ಲೈಟ್ ಆ್ಯಂಡ್ ಶ್ಯಾಡೋಸ್’ ಪುಸ್ತಕ ಬಂದದ್ದು 1983ರಲ್ಲಿ, ಅಂದರೆ ಮಿನೋಲ್ಟಾ 7000ಕ್ಕಿಂತ ಎರಡು ವರ್ಷ ಮೊದಲು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರು 1960–70ರ ದಶಕಗಳಲ್ಲಿ ತೆಗೆದ ಹಕ್ಕಿಗಳ ಚಿತ್ರಗಳೂ ಹಾಗೆಯೇ. ಓಡುವ ಪ್ರಾಣಿ, ಹಾರುವ ಹಕ್ಕಿ, ಎಲ್ಲಕ್ಕೂ ಬೆರಳಿನಿಂದಲೇ ಫೋಕಸ್!

ಹಾಗಾದರೆ ಹಳೆಯ ಲೆನ್ಸುಗಳು ಮೂಲೆಗೆ ಬಿದ್ದದ್ದೇಕೆ? ಗಾಜು ಕೆಟ್ಟಿತೇ? ಇಲ್ಲ. ಗಾಜು ಚೆನ್ನಾಗಿಯೇ ಇತ್ತು. ಬದಲಾದದ್ದು ಜೋಡಣೆ ಮಾತ್ರ.

ಮಕ್ಕಳೇ, ಇಲ್ಲಿ ನಮ್ಮ ಹತ್ತನೇ ತರಗತಿಯ ಲೆಕ್ಕ ಬರುತ್ತದೆ. ಲೆನ್ಸು ಕೂರುವ ಉಂಗುರದಿಂದ ಫಿಲ್ಮ್ ಅಥವಾ ಸೆನ್ಸರ್‌ವರೆಗಿನ ದೂರ ಪ್ರತಿ ಕಂಪೆನಿಯಲ್ಲೂ ಬೇರೆ. ಎಂ42ರಲ್ಲಿ 45.46 ಮಿ.ಮೀ., ನಿಕಾನ್ ಎಫ್‌ನಲ್ಲಿ 46.5, ಕ್ಯಾನನ್ ಇ.ಎಫ್.ನಲ್ಲಿ 44, ಹಳೆ ಎಫ್.ಡಿ.ಯಲ್ಲಿ 42.

ಎಂ42 ಲೆನ್ಸನ್ನು ಕ್ಯಾನನ್ ಇ.ಎಫ್. ಕ್ಯಾಮೆರಾಕ್ಕೆ ಹಾಕಿದರೆ 45.46ರಲ್ಲಿ 44 ಕಳೆದು 1.46 ಮಿ.ಮೀ. ಉಳಿಯುತ್ತದೆ. ಅಷ್ಟು ದಪ್ಪದ ಲೋಹದ ಉಂಗುರವೊಂದನ್ನು ನಡುವೆ ಇಟ್ಟರೆ ಸರಿಹೋಯಿತು. ಇದಕ್ಕೇ ಅಡಾಪ್ಟರ್ ಎನ್ನುವುದು. ನಿಕಾನ್‌ಗೆ ಹಾಕಿದರೆ? ಲೆನ್ಸು ಇರಬೇಕಾದ್ದಕ್ಕಿಂತ 1.04 ಮಿ.ಮೀ. ಮುಂದೆ ನಿಲ್ಲುತ್ತದೆ. ಪೀನ ಮಸೂರದ ಸೂತ್ರದಲ್ಲಿ ಸಂಗಮದೂರ 55, ಬಿಂಬದೂರ 56.04 ಎಂದು ಹಾಕಿ ನೋಡಿ. ವಸ್ತುದೂರ ಸುಮಾರು 3 ಮೀಟರ್ ಬರುತ್ತದೆ. ಉಂಗುರದ ದಪ್ಪ 1 ಮಿ.ಮೀ. ಸೇರಿಸಿದರೆ ಒಂದೂವರೆ ಮೀಟರ್. ಅದಕ್ಕಿಂತ ದೂರದ್ದೆಲ್ಲ ಮಬ್ಬು! ಎದುರು ಕುಳಿತವರ ಮುಖ ಸ್ಪಷ್ಟ, ಅಂಗಳದಾಚೆಯ ತೆಂಗಿನಮರ ಮಂಜು. ಒಂದು ಮಿಲಿಮೀಟರಿನ ಬೆಲೆ ಎಷ್ಟೆಂದು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಕಷ್ಟವನ್ನು ಬಿಡಿಸಿದ್ದು ಒಳಗೆ ಕನ್ನಡಿಯಿಲ್ಲದ, ಮಿರರ್‌ಲೆಸ್ ಎನ್ನುವ ಕ್ಯಾಮೆರಾಗಳು. ಕನ್ನಡಿಗೆ ಜಾಗ ಬೇಡವಾದ್ದರಿಂದ ದೂರ ಕಡಿಮೆಯಾಯಿತು. 2008ರಲ್ಲಿ ಪ್ಯಾನಸೋನಿಕ್ ಜಿ1 ಬಂತು, 2010ರಲ್ಲಿ ಸೋನಿ ನೆಕ್ಸ್. ಸೋನಿಯಲ್ಲಿ ಈ ದೂರ ಬರೇ 18 ಮಿ.ಮೀ. ಹಾಗಾಗಿ ಕ್ಯಾನನ್ ಕೈಬಿಟ್ಟಿದ್ದ ಎಫ್.ಡಿ. ಲೆನ್ಸುಗಳಿಗೂ 24 ಮಿ.ಮೀ. ಉದ್ದದ ಉಂಗುರ ಹಾಕಿದರೆ ಸಾಕು, ಮರುಜನ್ಮ! 2013ರ ಸೋನಿ ಎ7ನಲ್ಲಿ ಹಳೆ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇದ್ದುದರಿಂದ ಲೆನ್ಸಿನ ಪೂರ್ಣ ನೋಟವೂ ಮರಳಿ ಸಿಕ್ಕಿತು. ಸ್ಪಷ್ಟವಾದ ಅಂಚುಗಳನ್ನು ಬಣ್ಣದಲ್ಲಿ ಮಿನುಗಿಸಿ ತೋರಿಸುವ ಸೌಕರ್ಯವೂ ಇಂಥ ಕ್ಯಾಮೆರಾಗಳಲ್ಲಿ ಬಂತು. ಕಣ್ಣು ಮಂಜಾದ ನನ್ನಂಥವರಿಗೂ ಕೈಯಿಂದ ಫೋಕಸ್ ಮಾಡುವುದು ಸುಲಭವಾಯಿತು.

ಇನ್ನು ನಮ್ಮ ಡಬ್ಬಿಯ ವಿಷಯಕ್ಕೆ ಬರೋಣ.

ನೆಗೆಟಿವ್‌ನ ಫೋಟೋ ತೆಗೆಯಬೇಕಾದರೆ ಲೆನ್ಸು ತುಂಬ ಹತ್ತಿರದಿಂದ ಫೋಕಸ್ ಆಗಬೇಕು. ಅದಕ್ಕೆ ಲೆನ್ಸು ಮತ್ತು ಕ್ಯಾಮೆರಾ ನಡುವೆ ಟೊಳ್ಳು ಕೊಳವೆಗಳನ್ನು ಸೇರಿಸಿ ದೂರ ಹೆಚ್ಚಿಸುತ್ತಾರೆ. ಹೊಸ ಲೆನ್ಸಿನಲ್ಲಿ ಬೆಳಕಿನ ಕಿಂಡಿಯನ್ನು (ಅಪರ್ಚರ್) ಕಿರಿದು ಮಾಡುವುದು ಕ್ಯಾಮೆರಾದ ವಿದ್ಯುತ್ತು. ಅಗ್ಗದ ಬರೇ ಕೊಳವೆ ಹಾಕಿದರೆ ಆ ಸಂಪರ್ಕ ಕಡಿಯುತ್ತದೆ. ಹಳೆ ಲೆನ್ಸಿನಲ್ಲಾದರೆ ಅಪರ್ಚರ್ ಉಂಗುರ ಅದರ ಮೈಮೇಲೆಯೇ ಇದೆ, ಯಾರ ಅಪ್ಪಣೆಯೂ ಬೇಡ! ಪಕ್ಕದ ಚಿಕ್ಕ ಗುಂಡಿಯನ್ನು ‘ಎಂ’ ಕಡೆಗೆ ಸರಿಸಿ, ಎಫ್/8ಕ್ಕೆ ಇಟ್ಟರೆ ಮುಗಿಯಿತು.

ನನ್ನಲ್ಲಿರುವುದು ಸೆಕೆಂಡ್ ಹ್ಯಾಂಡ್ ಕ್ಯಾನನ್. ಅದರ ಸೆನ್ಸರ್ ಸುಮಾರು 22 × 15 ಮಿ.ಮೀ. 36 × 24 ಮಿ.ಮೀ. ನೆಗೆಟಿವ್ ಅದರಲ್ಲಿ ಪೂರ್ತಿ ಹಿಡಿಯಲು 55 ಮಿ.ಮೀ. ಲೆನ್ಸನ್ನು ಸುಮಾರು 34 ಮಿ.ಮೀ. ಮುಂದಕ್ಕೆ ತಂದೆವು. ಹಳೆಯ 120 ಫಿಲ್ಮಿನ ಚೌಕ ನೆಗೆಟಿವ್‌ಗೆ 15 ಮಿ.ಮೀ. ಸಾಕಾಯಿತು. ನಮ್ಮಲ್ಲಿ ಹಲವರ ಮನೆಯಲ್ಲಿದ್ದ ಅಗ್ಫಾ ಕ್ಲಿಕ್ 3ರಲ್ಲಿ ಹಾಕುತ್ತಿದ್ದ ಫಿಲ್ಮ್ ಅದೇ, ರೋಲಿಗೆ 12 ಚಿತ್ರ. ಕೆಳಗಿನಿಂದ ಬೆಳಕಿಗೆ ಎಲ್.ಇ.ಡಿ. ದೀಪ, ಅದರ ಮೇಲೆ ಬಿಳಿ ಅಕ್ರಿಲಿಕ್ ಹಾಳೆ. ಕಪ್ಪನ್ನು ಬಿಳಿ ಮಾಡುವ ಕೆಲಸ ಜಿಂಪ್‌ನಲ್ಲಿ. ಕೇರಳದ ಶಾಲೆಗಳಲ್ಲಿ ಐ.ಟಿ. ಕಲಿಯುವ ಮಕ್ಕಳಿಗೆ ಜಿಂಪ್ ಗೊತ್ತೇ ಇದೆ. ನನಗಿಂತ ಚೆನ್ನಾಗಿ ಅವರೇ ಮಾಡಿದರು. 2018ರಲ್ಲಿ ಲಿಟ್ಲ್ ಕೈಟ್ಸ್ ಕ್ಲಬ್‌ಗಳು ಆರಂಭವಾದ ಹೊತ್ತಿಗೆ ಹೈಟೆಕ್ ಯೋಜನೆಯಲ್ಲಿ ಪ್ರೌಢಶಾಲೆಗಳಿಗೆ ಡಿ.ಎಸ್.ಎಲ್.ಆರ್. ಕ್ಯಾಮೆರಾ ಕೂಡ ಬಂದಿದೆ. ಇಂಥ ಕೆಲಸಕ್ಕೆ ಅದೂ ಆದೀತು.

ಒಂದೆರಡು ಎಚ್ಚರಿಕೆಯ ಮಾತು. ನಮ್ಮ ಕರಾವಳಿಯ ತೇವಕ್ಕೆ ಲೆನ್ಸಿನೊಳಗೆ ಬೂಸ್ಟು ಬರುತ್ತದೆ. ಟಾರ್ಚ್ ಹಿಡಿದು ನೋಡಿದರೆ ಜೇಡರ ಬಲೆಯ ಹಾಗೆ ಕಾಣುತ್ತದೆ. ಚರ್ಮದ ಚೀಲದಲ್ಲಿ ಇಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಡಿ. ಆ ಕಾಲದ ಕೆಲವು ಟಾಕುಮಾರ್ ಲೆನ್ಸುಗಳ ಗಾಜಿನಲ್ಲಿ ಥೋರಿಯಂ ಇದೆ. ನಮ್ಮ ಕೇರಳದ ಚವರದ ಕಡಲ ಮರಳಿನ ಮೊನಜೈಟ್‌ನಲ್ಲಿ ಇರುವುದೂ ಇದೇ ಥೋರಿಯಂ. ಇಂಥ ಗಾಜು ಕಾಲ ಕಳೆದಂತೆ ಹಳದಿಯಾಗುತ್ತದೆ. ಬಳಸುವುದಕ್ಕೆ ಭಯಪಡಬೇಕಾಗಿಲ್ಲ. ಆದರೆ ಮಕ್ಕಳು ಬಿಚ್ಚಿ ಉಜ್ಜುವುದು ಬೇಡ. ನೆಗೆಟಿವ್ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ತಡಮಾಡಬೇಡಿ. ಫಿಲ್ಮ್ ಕೊಳೆಯಲು ಶುರುವಾಗಿದೆ ಎಂದರ್ಥ.

ತಡಮಾಡಬೇಡಿ ಎಂದು ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಇನ್ನೊಂದು ಊರಿನ ಮುಚ್ಚಿದ ಸ್ಟುಡಿಯೋದಲ್ಲಿ ಗೋಣಿಗಟ್ಟಲೆ ನೆಗೆಟಿವ್ ಇದೆಯೆಂದು ಕೇಳಿದ್ದೆ. “ಪರೀಕ್ಷೆ ಮುಗಿಯಲಿ, ಹೋಗೋಣ” ಎಂದುಕೊಂಡೆ. ಹೋಗುವಾಗ ಗುಜರಿಯವನು ಕೊಂಡುಹೋಗಿ ಆಗಿತ್ತು. ಅದರಲ್ಲಿ ಯಾವ ಶಾಲೆಯ ಯಾವ ವಾರ್ಷಿಕೋತ್ಸವ ಇತ್ತೋ, ಯಾವ ಅಧ್ಯಾಪಕರ ಬೀಳ್ಕೊಡುಗೆ ಇತ್ತೋ... ತಪ್ಪು ನನ್ನದೇ.

ಗಡಿನಾಡಿನ ಕನ್ನಡ ಶಾಲೆಗಳ ಇತಿಹಾಸವನ್ನು ಬೇರೆಯವರು ಬಂದು ಬರೆಯುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಸಿಗುತ್ತದೆ, ಮುಖ ಸಿಗುವುದಿಲ್ಲ. ಆ ಮುಖಗಳಿರುವುದು ಮುಚ್ಚಿದ ಸ್ಟುಡಿಯೋಗಳ ಅಟ್ಟದಲ್ಲಿ.

ನಮ್ಮ ಡಬ್ಬಿಯ ಮೂರನೆಯ ನೆಗೆಟಿವ್‌ನಲ್ಲಿ ನಾಲ್ಕು ಸಾಲು ಮಕ್ಕಳಿದ್ದರು. ಮುಂದಿನ ಸಾಲಿನ ಹುಡುಗಿಯ ಕೈಯಲ್ಲಿ ಒಂದು ಸ್ಲೇಟು. ಅದರಲ್ಲಿ ಸೀಮೆಸುಣ್ಣದಿಂದ ‘ಏಳನೇ ತರಗತಿ, 1974’ ಎಂದು ಬರೆದಿತ್ತು. ಚಿತ್ರವನ್ನು ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿದೆವು. ಎಂಟನೇ ತರಗತಿಯ ಹುಡುಗನೊಬ್ಬ ಮರುದಿನ ಅವನ ಅಜ್ಜಿಯನ್ನು ಕರೆದುಕೊಂಡು ಬಂದ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಸ್ಲೇಟಿನ ಮೇಲೆ ಬೆರಳಿಟ್ಟು, “ಇದು ನನ್ನ ಅಕ್ಷರ” ಎಂದರು.

ನಿಮ್ಮ ಊರಿನ ಹಳೆ ಸ್ಟುಡಿಯೋದವರನ್ನು ಈ ವಾರವೇ ಒಮ್ಮೆ ಮಾತನಾಡಿಸಿ. ನೆಗೆಟಿವ್ ಕೇಳಿ. ಜೊತೆಗೆ ಲೆನ್ಸೂ ಇದೆಯೇ ಎಂದು ಕೇಳಲು ಮರೆಯಬೇಡಿ.