ಸಂಜೆ ಏಳರ ನಂತರದ ಕಾನೂನು

ನೌಕರಿ ಮಾಡಿಕೊಂಡೇ ಓದುವುದು ಮುಂಬಯಿ ಕನ್ನಡಿಗರಿಗೆ ಹೊಸತೇನಲ್ಲ. ಹಗಲೆಲ್ಲ ಫೋರ್ಟಿನ ಹೋಟೆಲುಗಳಲ್ಲಿ ಲೋಟ ಬಶಿ ತೊಳೆದು, ರಾತ್ರಿ ಮೊಗವೀರ ಫ್ರೀ ನೈಟ್ ಹೈಸ್ಕೂಲಿನಂಥ ಕಡೆ ಮೆಟ್ರಿಕ್ ಮಾಡಿದವರ ಒಂದು ತಲೆಮಾರೇ ಇತ್ತು. ಅವರಲ್ಲಿ ಎಷ್ಟೋ ಜನ ಬೆಳಗಿನ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದರು. ಅಲ್ಲಿಗೂ ಸುಮ್ಮನಾಗದ ಕೆಲವರು ಎಲ್ಎಲ್.ಬಿ.ಯನ್ನೂ ಮುಗಿಸಿಕೊಂಡರು. ನಾವು ಬ್ಯಾಂಕಿನವರಿಗಂತೂ ಓದು ಬಿಟ್ಟಿದ್ದೇ ಇಲ್ಲ. 1928ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕರ್ಸ್‌ನ ಪರೀಕ್ಷೆಗಳಿಗೆ ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಓದಿದವರು ನಾವು.

ಐವತ್ತು ದಾಟಿದ ಮೇಲೆ ಈಗ ಪ್ಯಾರಾಲೀಗಲ್ ಡಿಪ್ಲೊಮಾದ ಪುಸ್ತಕ ಹಿಡಿದು ಕೂತಿದ್ದೇನೆ. ಸಹೋದ್ಯೋಗಿಗಳದು ಎರಡೇ ಪ್ರಶ್ನೆ. ಒಂದು, ಇದಕ್ಕೆ ಇನ್‌ಕ್ರಿಮೆಂಟ್ ಉಂಟಾ? ಎರಡು, ರಿಟೈರ್ ಆದ ಮೇಲೆ ಕರಿಕೋಟು ಹಾಕ್ತೀರಾ? ಎರಡಕ್ಕೂ ನನ್ನ ಉತ್ತರ 'ಇಲ್ಲ'. ಹಾಗಾದರೆ ಯಾಕೆ ಈ ಉಸಾಬರಿ ಅಂತ ನೀವೂ ಕೇಳಬಹುದು. ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

'ಮುಖ್ತ್ಯಾರ' ಎಂಬ ಶಬ್ದ ನಮ್ಮ ಉತ್ತರ ಕರ್ನಾಟಕದ ಹಿರಿಯರಿಗೆ ಚೆನ್ನಾಗಿ ಗೊತ್ತು. ಒಬ್ಬರ ಪರವಾಗಿ ವ್ಯವಹಾರ ನೋಡಿಕೊಳ್ಳಲು ಇನ್ನೊಬ್ಬರಿಗೆ ಬರೆದುಕೊಡುವ ಪತ್ರ ಮುಖ್ತ್ಯಾರನಾಮೆ. ಇಲ್ಲಿ ಮಹಾರಾಷ್ಟ್ರದಲ್ಲಿ ಅದೇ ಕುಲಮುಖತ್ಯಾರಪತ್ರ. ವಾರಕ್ಕೊಂದಾದರೂ ನಮ್ಮ ಟೇಬಲ್ಲಿಗೆ ಬರುತ್ತದೆ. ಆದರೆ ಬ್ರಿಟಿಷ್ ಭಾರತದಲ್ಲಿ ಮುಖ್ತಾರ ಅನ್ನುವುದು ಒಂದು ವೃತ್ತಿಯೇ ಆಗಿತ್ತು. 1879ರ ಲೀಗಲ್ ಪ್ರಾಕ್ಟೀಷನರ್ಸ್ ಆಕ್ಟ್ ತೆಗೆದು ನೋಡಿದರೆ ಕಾನೂನು ವೃತ್ತಿ ಒಂದು ಏಣಿಯ ಹಾಗೆ ಕಾಣುತ್ತದೆ. ಮೇಲಿನ ಮೆಟ್ಟಿಲಲ್ಲಿ ಹೈಕೋರ್ಟಿನ ಅಡ್ವೊಕೇಟರು, ವಕೀಲರು, ಅಟಾರ್ನಿಗಳು. ಕೆಳಗೆ ಜಿಲ್ಲಾ ಕೋರ್ಟುಗಳ ಪ್ಲೀಡರು. ಅದಕ್ಕೂ ಕೆಳಗೆ ಮುಖ್ತಾರರು, ರೆವಿನ್ಯೂ ಏಜೆಂಟರು. ಬಂಗಾಳ, ಬಿಹಾರಗಳ ಕಡೆ ಮುಖ್ತಾರರದ್ದೇ ಕಾರುಬಾರು. ಹಳ್ಳಿಯ ರೈತನಿಗೆ ಕೋರ್ಟು ಕಚೇರಿ ಎಂದರೆ ಮೊದಲು ಎದುರಾಗುತ್ತಿದ್ದ ಮುಖ ಅವರದ್ದೇ. ಅವರೂ ಪರೀಕ್ಷೆ ಪಾಸು ಮಾಡಿ ಸನ್ನದು ಪಡೆಯಬೇಕಿತ್ತು. ಆದರೆ ಪದವಿ ಬೇಕಿರಲಿಲ್ಲ, ವಿಲಾಯತಿಗೆ ಹೋಗುವುದಂತೂ ಬೇಕಿರಲಿಲ್ಲ.

ನಮ್ಮ ಮುಂಬಯಿ ಪ್ರಾಂತದಲ್ಲಿ ಕೆಳಗಿನ ಮೆಟ್ಟಿಲು ಅಂದರೆ ಪ್ಲೀಡರ್ ಪರೀಕ್ಷೆ. ಧಾರವಾಡ, ಬೆಳಗಾವಿ, ವಿಜಾಪುರಗಳ ಎಷ್ಟೋ ವಕೀಲಿ ಮನೆತನಗಳ ಮೂಲಪುರುಷರು ಹೀಗೆ ಪರೀಕ್ಷೆ ಕಟ್ಟಿ ಮೇಲೆ ಬಂದವರು. ಪುಣೆಯಲ್ಲಿ ಲೋಕಮಾನ್ಯ ಟಿಳಕರು ಇಂಥ ಪರೀಕ್ಷೆಗಳಿಗೆ ಕೂರುವವರಿಗಾಗಿ ಖಾಸಗಿ ಲಾ ಕ್ಲಾಸ್ ನಡೆಸುತ್ತಿದ್ದರು. 'ಕೇಸರಿ'ಯ ಸಂಪಾದಕರ ಮನೆ ಖರ್ಚು ಎಷ್ಟೋ ಮಟ್ಟಿಗೆ ಆ ಕ್ಲಾಸಿನ ಫೀಸಿನಿಂದ ಸಾಗುತ್ತಿತ್ತು.

ಇನ್ನು ಪದವಿಯ ಮಾತು. ಮುಂಬಯಿಯ ಗವರ್ನ್‌ಮೆಂಟ್ ಲಾ ಕಾಲೇಜು ಶುರುವಾದದ್ದು 1855ರಲ್ಲಿ, ಮುಂಬಯಿ ವಿಶ್ವವಿದ್ಯಾಲಯ ಹುಟ್ಟುವುದಕ್ಕೂ ಎರಡು ವರ್ಷ ಮೊದಲು. ಅದೇ 1855ರಲ್ಲಿ ಹೊನ್ನಾವರದಲ್ಲಿ ನಾರಾಯಣ ಗಣೇಶ ಚಂದಾವರಕರ ಹುಟ್ಟಿದರು. ಆಗ ಉತ್ತರ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿತ್ತು. 1862ರಲ್ಲಿ ಅದು ಮುಂಬಯಿ ಪ್ರಾಂತಕ್ಕೆ ಬಂತು, ಚಂದಾವರಕರರೂ ಓದಲು ಮುಂಬಯಿಗೆ ಬಂದರು. 1878ರಲ್ಲಿ 'ಇಂದುಪ್ರಕಾಶ' ಪತ್ರಿಕೆಯ ಇಂಗ್ಲಿಷ್ ವಿಭಾಗದ ಸಂಪಾದಕರಾದರು. ಕಾನೂನು ಪದವಿ ಸಿಕ್ಕಿದ್ದು ಅದರ ನಂತರ, 1881ರಲ್ಲಿ. ಅಂದರೆ ಪತ್ರಿಕೆಯ ಕೆಲಸ ಮಾಡುತ್ತಲೇ ಲಾ ಮುಗಿಸಿದರು ಅನ್ನಿ. ಮುಂದೆ 1901ರಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಯಾದರು. ನಮ್ಮ ಕಡೆಯಿಂದ ಬಂದು, ಕೆಲಸ ಮಾಡುತ್ತ ಕಾನೂನು ಓದಿದವರ ಪಟ್ಟಿ ಮಾಡಹೊರಟರೆ ಅವರ ಹೆಸರು ತೀರ ಮೇಲೆಯೇ ಬಂದೀತು.

ಕಲಿಯುವವರಷ್ಟೇ ಅಲ್ಲ, ಕಲಿಸುವವರೂ ಹಾಗೆಯೇ ಇದ್ದರು. ಡಾ. ಅಂಬೇಡ್ಕರರು ಬ್ಯಾರಿಸ್ಟರಾಗಿ ಬಂದ ಮೇಲೆ ವಕೀಲಿಯ ಜೊತೆಗೆ 1925ರಿಂದ 1928ರವರೆಗೆ ಬಾಟ್ಲಿಬಾಯ್ ಅವರ ಅಕೌಂಟೆನ್ಸಿ ಸಂಸ್ಥೆಯಲ್ಲಿ ಮರ್ಕಂಟೈಲ್ ಲಾ ಹೇಳಿಕೊಟ್ಟರು. ಬಿ.ಕಾಂ. ಓದಿದ ನನ್ನಂಥವನಿಗೆ ಇದು ಬಹಳ ಆಪ್ತವಾದ ಸಂಗತಿ. ಕಾಂಟ್ರಾಕ್ಟ್ ಆಕ್ಟ್, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್ ಅಂದರೆ ನಾವೂ ಕಷ್ಟಪಟ್ಟು ಓದಿದ ವಿಷಯಗಳು ತಾನೆ! ಆಮೇಲೆ ಅವರು ಗವರ್ನ್‌ಮೆಂಟ್ ಲಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು, 1935ರಲ್ಲಿ ಪ್ರಾಂಶುಪಾಲರಾದರು. 1946ರಲ್ಲಿ ಅವರು ಕಟ್ಟಿದ ಸಿದ್ಧಾರ್ಥ ಕಾಲೇಜಿನಲ್ಲಿ ನೌಕರಿಯ ಹುಡುಗರಿಗೆಂದೇ ಬೆಳಗಿನ ತರಗತಿಗಳಿದ್ದವು. ಹೊಟ್ಟೆಪಾಡಿಗೆ ದುಡಿಯುವವನಿಗೂ ಕಾಲೇಜು ಸಿಗಬೇಕಾದರೆ ವೇಳಾಪಟ್ಟಿಯೇ ಬದಲಾಗಬೇಕು ಎಂಬುದನ್ನು ಅವರು ಅರಿತಿದ್ದರು. ಸಿದ್ಧಾರ್ಥ ಲಾ ಕಾಲೇಜು 1956ರಲ್ಲಿ ಬಂತು.

ಹಳೆಯ ಏಣಿ ಎಲ್ಲರಿಗೂ ತೆರೆದಿತ್ತು ಎಂದೇನೂ ಅಲ್ಲ. ಹೆಣ್ಣುಮಕ್ಕಳಿಗೆ ಕೆಳಗಿನ ಮೆಟ್ಟಿಲೂ ಇರಲಿಲ್ಲ. 1916ರಲ್ಲಿ ಕಲಕತ್ತಾ ಹೈಕೋರ್ಟು ರೆಜಿನಾ ಗುಹಾ ಅವರಿಗೆ, 1921ರಲ್ಲಿ ಪಟನಾ ಹೈಕೋರ್ಟು ಸುಧಾಂಶುಬಾಲಾ ಹಾಜರಾ ಅವರಿಗೆ ಪ್ಲೀಡರಾಗಲು ಬರುವುದಿಲ್ಲ ಎಂದವು. ಓದಿರಲಿಲ್ಲವೇ ಎಂದರೆ ಓದಿದ್ದರು, ಪದವಿಯೂ ಇತ್ತು. ಅಡ್ಡ ಬಂದದ್ದು ಹೆಣ್ಣು ಎಂಬುದೊಂದೇ. 1923ರಲ್ಲಿ ಬೇರೆ ಕಾಯಿದೆಯನ್ನೇ ತಂದು ಆ ತಡೆ ತೆಗೆಯಬೇಕಾಯಿತು.

1961ರ ಅಡ್ವೊಕೇಟ್ಸ್ ಆಕ್ಟ್ ಈ ಇಡೀ ಏಣಿಯನ್ನೇ ಮಡಚಿ ಇಟ್ಟಿತು. ದೇಶಕ್ಕೆಲ್ಲ ಒಂದೇ ಬಗೆಯ ವಕೀಲ, ಅವನೇ ಅಡ್ವೊಕೇಟ್. ಆಗಲೇ ಇದ್ದ ಪ್ಲೀಡರು, ಮುಖ್ತಾರರ ಹಕ್ಕುಗಳನ್ನು ಉಳಿಸಿದರು, ಹೊಸಬರು ಬರುವುದು ನಿಂತಿತು. ಮೇಲು ಕೀಳು ಹೋಯಿತಲ್ಲ, ಅದು ಒಳ್ಳೆಯದೇ. ಆದರೆ ಪದವಿಯಿಲ್ಲದವನು ಪರೀಕ್ಷೆ ಕಟ್ಟಿ ಕಾನೂನಿನ ಅಂಗಳಕ್ಕೆ ಕಾಲಿಡುತ್ತಿದ್ದ ಹಿತ್ತಿಲ ಬಾಗಿಲೂ ಅದರ ಜೊತೆಗೇ ಮುಚ್ಚಿತು. ಉಳಿದದ್ದು ಬೆಳಗಿನ ಮತ್ತು ಸಂಜೆಯ ಲಾ ಕಾಲೇಜುಗಳು. ಗುಮಾಸ್ತರು, ಮೇಷ್ಟ್ರುಗಳು, ಬ್ಯಾಂಕಿನವರು ಕೆಲಸ ಬಿಡದೆ ಮೂರು ವರ್ಷದ ಎಲ್ಎಲ್.ಬಿ. ಮಾಡಿಕೊಂಡದ್ದು ಇಂಥ ಕಡೆ.

ಈ ಸಂಜೆ ಕಾಲೇಜುಗಳ ಬಗ್ಗೆ ದೂರುಗಳೂ ಕಡಿಮೆ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ತರಗತಿ ನಡೆಯುವ ಜಾಗಗಳಿದ್ದವು, ಗೈಡ್ ಓದಿ ಪಾಸಾದವರಿದ್ದರು. ಅದಕ್ಕೇ 1980ರ ದಶಕದಲ್ಲಿ ಬಾರ್ ಕೌನ್ಸಿಲ್ ಐದು ವರ್ಷದ ಕೋರ್ಸಿನ ಕಡೆ ತಿರುಗಿತು. 1988ರಲ್ಲಿ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಮಾಧವ ಮೆನನ್ನರ ನೇತೃತ್ವದಲ್ಲಿ ಮೊದಲ ತಂಡ ಓದಲು ಕೂತಿತು. ಕಾನೂನು ಶಿಕ್ಷಣದ ಮಟ್ಟ ಏರಿತು, ಇದರಲ್ಲಿ ಎರಡು ಮಾತಿಲ್ಲ. ಕೊನೆಗೆ 2008ರ ಲೀಗಲ್ ಎಜುಕೇಶನ್ ನಿಯಮಗಳು ಬಂದವು. ವಸತಿ ಕಾಲೇಜು ಅಲ್ಲದ ಕಡೆ ತರಗತಿಗಳು ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೆ ನಡೆಯಬೇಕು, ಹಾಜರಿ ಶೇಕಡ 70 ಇರಬೇಕು ಎಂದವು. ಕೇಳಲು ಸಾಧಾರಣ ನಿಯಮ. ಆದರೆ ಮುಂಬಯಿಯಲ್ಲಿ ಬ್ಯಾಂಕಿನ ದಿನದ ಲೆಕ್ಕ ತಾಳೆ ಮಾಡಿ, ಟ್ರೇನು ಹಿಡಿದು ಹೊರಡುವವನಿಗೆ ಬಿಡುವಾಗುವುದೇ ಏಳರ ನಂತರ! 2016ರಲ್ಲಿ ಮೂರು ವರ್ಷದ ಕೋರ್ಸಿಗೆ 30ರ ವಯೋಮಿತಿಯನ್ನೂ ಮತ್ತೆ ತರಲು ಹೊರಟಿದ್ದರು. 2017ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಹಾಕಿತು.

ಸೋಮಾರಿ ಕಾಲೇಜುಗಳನ್ನು ಮುಚ್ಚಬೇಕಿತ್ತು, ಸರಿ. ಆದರೆ ಅದರ ಜೊತೆಗೆ ಸಂಜೆಯನ್ನೇ ಮುಚ್ಚಿಬಿಟ್ಟದ್ದು ಯಾವ ನ್ಯಾಯ? ನನ್ನ ತಕರಾರು ಇಷ್ಟೇ.

ಇಷ್ಟರಲ್ಲಿ ಇನ್ನೊಂದು ದಿಕ್ಕಿನಿಂದ ಬೇರೊಂದು ಬಾಗಿಲು ತೆರೆಯುತ್ತಿತ್ತು. 'ಪ್ಯಾರಾಲೀಗಲ್' ಎಂಬ ಶಬ್ದ ಬೇರೂರಿದ್ದು ಅಮೆರಿಕದಲ್ಲಿ. 1968ರಲ್ಲಿ ಅಲ್ಲಿನ ಬಾರ್ ಅಸೋಸಿಯೇಶನ್ ವಕೀಲರಲ್ಲದ ಸಹಾಯಕರಿಗಾಗಿಯೇ ಒಂದು ಸಮಿತಿ ಮಾಡಿತು. ಇಂಗ್ಲೆಂಡಿನಲ್ಲಿ ಸಾಲಿಸಿಟರುಗಳ ಹಳೆಯ ಮ್ಯಾನೇಜಿಂಗ್ ಕ್ಲಾರ್ಕುಗಳು 1963ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಲೀಗಲ್ ಎಕ್ಸಿಕ್ಯುಟಿವ್ಸ್ ಕಟ್ಟಿಕೊಂಡರು. ಅಲ್ಲಿ ಕೆಲಸ ಮಾಡುತ್ತಲೇ ಒಂದೊಂದೇ ಪರೀಕ್ಷೆ ಪಾಸು ಮಾಡುತ್ತ ಹೋಗಬಹುದು. ಆ ದಾರಿಯಲ್ಲಿ ನ್ಯಾಯಾಧೀಶರ ಪೀಠದವರೆಗೂ ಹೋದವರಿದ್ದಾರೆ.

ನಮ್ಮಲ್ಲಿ ಅದು ಬಂದದ್ದು ಬಡವರ ಕಾನೂನು ನೆರವಿನ ಜೊತೆ. 1976ರ 42ನೇ ತಿದ್ದುಪಡಿ ಸಂವಿಧಾನಕ್ಕೆ 39ಎ ವಿಧಿಯನ್ನು ಸೇರಿಸಿತು. ಉಚಿತ ಕಾನೂನು ನೆರವು ಸರ್ಕಾರದ ಹೊಣೆ ಎಂದಿತು. 1979ರ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಜೈಲುಗಳ ವಿಚಾರಣಾಧೀನ ಕೈದಿಗಳ ಕಥೆ ಹೊರಬಂತು. ಮಾಡಿದ್ದಾರೆ ಎನ್ನಲಾದ ಅಪರಾಧಕ್ಕೆ ಆಗಬಹುದಾದ ಶಿಕ್ಷೆಗಿಂತ ಹೆಚ್ಚು ಕಾಲ ಒಳಗೇ ಇದ್ದವರಿದ್ದರು! ಜಾಮೀನು ಕೇಳಬಹುದು ಎಂದು ಹೇಳುವವರೂ ಅವರಿಗಿರಲಿಲ್ಲ. ಆಮೇಲೆ 1987ರ ಲೀಗಲ್ ಸರ್ವಿಸಸ್ ಅಥಾರಿಟೀಸ್ ಆಕ್ಟ್ ಬಂತು, ಜಾರಿಯಾಗಲು 1995ರ ನವೆಂಬರ್ ಆಯಿತು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2009ರಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್ ಯೋಜನೆ ಮಾಡಿತು. ಅತ್ತ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಪಿಯುಸಿ ಆದವರಿಗೂ ಸಿಗುವ ಪ್ಯಾರಾಲೀಗಲ್ ಡಿಪ್ಲೊಮಾ ಆರಂಭಿಸಿತು. ಪುಸ್ತಕ ಮನೆಗೇ ಬರುತ್ತದೆ. ಏಳರ ನಂತರವೂ ಓದಬಹುದು, ಹನ್ನೊಂದರ ನಂತರವೂ ಓದಬಹುದು!

ಆದರೆ ಈ ಬಾಗಿಲು ಚಿಕ್ಕದು, ಬಗ್ಗಿಯೇ ಒಳಗೆ ಹೋಗಬೇಕು. ಡಿಪ್ಲೊಮಾ ಹಿಡಿದು ಕೋರ್ಟಿನಲ್ಲಿ ವಾದಿಸಲಾಗದು. ಇಂಗ್ಲೆಂಡಿನಂತೆ ಇಲ್ಲಿಂದ ಮೇಲೆ ಹತ್ತುವ ಮೆಟ್ಟಿಲೂ ಇಲ್ಲ. ಹೋಗಲಿ, ಎಲ್ಎಲ್.ಬಿ. ಇದ್ದರೂ ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವನು ವಕೀಲಿ ಮಾಡುವ ಹಾಗಿಲ್ಲ, ಬಾರ್ ಕೌನ್ಸಿಲಿನ 49ನೇ ನಿಯಮ ತಡೆಯುತ್ತದೆ. ಹಳೆಯ ಮುಖ್ತಾರನಿಗೆ ಇದ್ದಷ್ಟು ಹಕ್ಕೂ ಇಂದಿನ ಪ್ಯಾರಾಲೀಗಲ್‌ಗೆ ಇಲ್ಲ.

ಹಾಗಾದರೆ ಉಪಯೋಗವೇನು? ಜನ ಕಾನೂನಿಗಾಗಿ ಪರದಾಡುವ ಜಾಗ ಬಹುಪಾಲು ಕೋರ್ಟು ಅಲ್ಲವೇ ಅಲ್ಲ. ಅದು ತಹಸೀಲ್ದಾರ ಕಚೇರಿ, ಪೊಲೀಸ್ ಠಾಣೆ, ನಮ್ಮ ಕೌಂಟರು. ಗಂಡ ತೀರಿಕೊಂಡ ಹೆಂಗಸು ಪಾಸ್‌ಬುಕ್ ಹಿಡಿದು ಬರುತ್ತಾರೆ. ನಾಮಿನಿ ಮೈದುನ. ದುಡ್ಡೆಲ್ಲ ಅವನದಾಯಿತು ಎಂದು ಅವರಿಗೆ ಯಾರೋ ಹೇಳಿರುತ್ತಾರೆ. ನಾಮಿನಿ ಹಣ ಪಡೆಯುವವನೇ ಹೊರತು ಅದರ ಒಡೆಯನಲ್ಲ, ವಾರಸುದಾರರ ಹಕ್ಕು ಹಾಗೇ ಇರುತ್ತದೆ ಎಂದು ಬ್ಯಾಂಕ್ ಠೇವಣಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟು 2010ರಲ್ಲೇ ಸ್ಪಷ್ಟಪಡಿಸಿದೆ. ಕಾನೂನು ನೆರವಿನ ಕಾಯಿದೆಯ 12ನೇ ಕಲಮಿನ ಪ್ರಕಾರ ಹೆಣ್ಣುಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ, ಅದಕ್ಕೆ ಆದಾಯದ ಮಿತಿಯೇ ಇಲ್ಲ. ಇವೆರಡು ಮಾತು ಗೊತ್ತಿದ್ದರೆ ಆಕೆ ಹೆದರಿ ಮನೆಗೆ ವಾಪಸು ಹೋಗುವುದಿಲ್ಲ. ಲೋಕ ಅದಾಲತಿನ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ ಎಂದು ಮೊದಲೇ ತಿಳಿದಿದ್ದರೆ ಸಾಲಗಾರ ಯೋಚಿಸಿ ಸಹಿ ಹಾಕುತ್ತಾನೆ.

ಊರು ಬಿಟ್ಟು ಬಂದ ನಮಗೆ ಇದು ಇನ್ನೂ ಬೇಕು. ಕಾಗದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ, ಸಂಕಟ ಕನ್ನಡದಲ್ಲೋ ತುಳುವಿನಲ್ಲೋ ಇರುತ್ತದೆ. ನಡುವೆ ನಿಂತು ಬಿಡಿಸಿ ಹೇಳುವವರು ಬೇಕು. ನಮ್ಮ ಹಿರಿಯರು ಸಂಘ ಕಟ್ಟಿ, ದುಡಿದು ಸುಸ್ತಾದ ಹುಡುಗರಿಗೆ ರಾತ್ರಿ ಅಕ್ಷರ ಕಲಿಸಿದರು. ಅದೇ ಸಂಘಗಳ ಕಟ್ಟಡಗಳಲ್ಲಿ ವಾರಕ್ಕೊಂದು ಸಂಜೆ, ಏಳರ ನಂತರ, ಒಂದು ಮೇಜು ಎರಡು ಕುರ್ಚಿ ಹಾಕಿಕೊಂಡು ನಿವೃತ್ತರಾದ ನಾವೇ ಯಾಕೆ ಕೂರಬಾರದು? ನಿಮ್ಮ ಸಂಘದ ಮುಂದಿನ ಮೀಟಿಂಗಿನಲ್ಲಿ ಈ ಮಾತು ಎತ್ತಿ ನೋಡಿ. ಮುಂಬಯಿಯಲ್ಲಿ ಒಂದು ಕುರ್ಚಿಗೆ ನಾನು ತಯಾರಿದ್ದೇನೆ.