ಉಗ್ರಾಣದ ಹೆಸರಿನ ಗುಡ್ಡಗಳು

ಯುದ್ಧದ ಚರಿತ್ರೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ರಣರಂಗ; ಉಗ್ರಾಣವಲ್ಲ. ಮದುವೆಮನೆಯ ಉಗ್ರಾಣದಲ್ಲಿ ಕುಳಿತವನ ಮುಖ ಚಪ್ಪರದಲ್ಲಿರುವವರಿಗೆ ಕಾಣದು. ಸೇನೆಗೆ ಅಕ್ಕಿ ಬೇಳೆ ಅಳೆದುಕೊಟ್ಟವನೂ ಹಾಗೆಯೇ ಚರಿತ್ರೆಯ ಮರೆಯಲ್ಲಿ ಉಳಿಯುತ್ತಾನೆ. ಇದಕ್ಕೊಂದು ಅಪವಾದ ನಾಗಾ ಬೆಟ್ಟಗಳ ಕೋಹಿಮಾ. 1944ರಲ್ಲಿ ಅಲ್ಲಿ ನಡೆದ ಕದನದ ನಕ್ಷೆಯನ್ನು ನೋಡುವಾಗಲೆಲ್ಲ ನನ್ನ ಗಮನವನ್ನು ಸೆಳೆಯುವುದು ಗುಡ್ಡಗಳ ಹೆಸರುಗಳು. ಒಂದು ‘ಎಫ್.ಎಸ್.ಡಿ.’, ಎಂದರೆ ರಣಕ್ಷೇತ್ರದ ಸರಬರಾಜು ಉಗ್ರಾಣ, ಇನ್ನೊಂದು ‘ಡಿ.ಐ.ಎಸ್.’, ದಿನಪಡಿ ಹಂಚುವ ಉಗ್ರಾಣ, ಮತ್ತೊಂದು ‘ಜಿ.ಪಿ.ಟಿ.’, ಸಾಗಣೆಯ ವಾಹನಗಳ ನೆಲೆ. ಗುಮಾಸ್ತರ ಕಡತದ ಈ ಅಕ್ಷರಗಳೇ ರಣಚರಿತ್ರೆಯ ಹೆಸರುಗಳಾದವು.

ಈ ಉಗ್ರಾಣಗಳ ತಾಯಿಬೇರು 46 ಮೈಲಿ ಕೆಳಗಿನ ದೀಮಾಪುರದಲ್ಲಿತ್ತು. ಅದು ಒಂದು ಕಾಲಕ್ಕೆ ದಿಮಾಸಾ ಕಚಾರಿ ಅರಸರ ರಾಜಧಾನಿ. ಅವರ ಅಣಬೆಯಾಕಾರದ ಕಲ್ಲುಕಂಬಗಳು ಇಂದಿಗೂ ಅಲ್ಲಿವೆ. 1942ರಲ್ಲಿ ಬರ್ಮಾ ಜಪಾನೀಯರ ವಶವಾದ ಮೇಲೆ ಈ ಊರಿನ ಅದೃಷ್ಟ ತಿರುಗಿತು. ಇಂಫಾಲಕ್ಕೆ ಹೋಗುವ ಸಾಮಗ್ರಿಯೆಲ್ಲ ರೈಲು ಬಿಟ್ಟು ಬೆಟ್ಟ ಹತ್ತಬೇಕಾದದ್ದು ಇಲ್ಲಿಂದಲೇ. ಕಲ್ಕತ್ತೆಯ ಕಡೆಯಿಂದ ಬಂದ ಸರಕನ್ನು ನಡುದಾರಿಯಲ್ಲಿ ಬ್ರಾಡ್‌ಗೇಜ್ ಬಂಡಿಯಿಂದಿಳಿಸಿ ಮೀಟರ್‌ಗೇಜ್ ಬಂಡಿಗೆ ಏರಿಸಬೇಕಾಗಿತ್ತು, ಬ್ರಹ್ಮಪುತ್ರವನ್ನು ದಾಟಿಸಬೇಕಾಗಿತ್ತು. ಚಹಾ ತೋಟಗಳ ಅಗತ್ಯವನ್ನಷ್ಟೇ ಪೂರೈಸುತ್ತಿದ್ದ ಹಳಿಗಳು ಒಂದು ಮಹಾಸೇನೆಯ ಭಾರವನ್ನು ಹೊರಬೇಕಾಯಿತು. ಬೆಟ್ಟದ ರಸ್ತೆಯನ್ನು ಅಗಲಿಸಲು ಬಂದವರು ಆ ತೋಟಗಳ ಕೂಲಿಗಳೇ. ಹೀಗೆ ಬೆಳೆದ ದೀಮಾಪುರದ ಉಗ್ರಾಣ 11 ಮೈಲಿ ಉದ್ದ, ಒಂದು ಮೈಲಿ ಅಗಲಕ್ಕೆ ಹರಡಿಕೊಂಡಿತು.

ಇಷ್ಟು ದೊಡ್ಡ ಉಗ್ರಾಣಕ್ಕೆ ಕಾವಲೆಷ್ಟು? ಹದಿನಾಲ್ಕನೆಯ ಸೇನೆಯ ದಂಡನಾಯಕ ವಿಲಿಯಂ ಸ್ಲಿಮ್ ಅಲ್ಲಿಯ ಅಧಿಕಾರಿಯನ್ನು ಕೇಳಿದ್ದೂ ಇದನ್ನೇ. 1956ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ದಾಖಲಿಸಿರುವಂತೆ, ಉಣ್ಣುವ ಬಾಯಿಗಳು 45 ಸಾವಿರ. ಬಂದೂಕು ಹಾರಿಸಲು ಬಲ್ಲವರು ಬಹುಶಃ 500.

ಜಪಾನೀ ಸೇನಾಪತಿ ಮುತಾಗುಚಿ ಅವರ ಲೆಕ್ಕಾಚಾರ ಬೇರೆಯದು. ಮೂರು ವಾರಗಳ ಬುತ್ತಿ ಕಟ್ಟಿಕೊಂಡು, ದನಗಳನ್ನು ಅಟ್ಟಿಕೊಂಡು, 1944ರ ಮಾರ್ಚಿನಲ್ಲಿ ಅವರ ಸೇನೆ ಚಿಂದ್ವಿನ್ ನದಿಯನ್ನು ದಾಟಿತು. ಬುತ್ತಿ ಮುಗಿಯುವುದರೊಳಗೆ ಎದುರಾಳಿಯ ಉಗ್ರಾಣ ಕೈಸೇರುವುದೆಂಬುದು ಅವರ ನಂಬಿಕೆ. ದನಗಳಲ್ಲಿ ಅನೇಕವು ಹೊಳೆಯಲ್ಲಿ ಮುಳುಗಿದವು. ಉಳಿದವು ಕಡಿದಾದ ಬೆಟ್ಟಗಳಲ್ಲಿ ಬಿದ್ದವು.

ಏಪ್ರಿಲ್ ಮೊದಲ ವಾರದಲ್ಲಿ ಸಾಟೋ ಅವರ 31ನೆಯ ಡಿವಿಜನ್ ಕೋಹಿಮಾವನ್ನು ಮುತ್ತಿತು. ಅಲ್ಲಿದ್ದ ಹೋರಾಳುಗಳು ಸುಮಾರು 1,500. ಡಿ.ಐ.ಎಸ್. ಗುಡ್ಡದ ಬೇಕರಿಯ ಒಲೆಗಳೂ ಕೋಟೆಯಂತಾದವು. ನಿನ್ನೆಯವರೆಗೆ ರೊಟ್ಟಿ ಬೆಂದ ಜಾಗದಲ್ಲಿ ಕೈಬಾಂಬುಗಳು ಸಿಡಿದವು. ಆ ಗುಡ್ಡದಲ್ಲಿ ಮಡಿದ ಜಾನ್ ಹಾರ್ಮನ್ ಎಂಬ ಸೈನಿಕನಿಗೆ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಸಂದಿತು. ಗುಡ್ಡಗಳು ಒಂದೊಂದಾಗಿ ಕೈಬಿಟ್ಟವು. ಆದರೂ ಏಪ್ರಿಲ್ 18ರಂದು ನೆರವು ಬರುವ ತನಕ ಕಾವಲುಪಡೆ ತಾಳಿಕೊಂಡಿತು. ಕೋಹಿಮಾವನ್ನು ಬದಿಗಿಟ್ಟು ದೀಮಾಪುರಕ್ಕೆ ನುಗ್ಗಬೇಕೆಂಬ ಮುತಾಗುಚಿಯವರ ಇಚ್ಛೆಗೆ ಅವರ ಮೇಲಧಿಕಾರಿ ಕವಾಬೆ ಒಪ್ಪಲಿಲ್ಲ. ದೊಡ್ಡ ಉಗ್ರಾಣ ಉಳಿಯಿತು.

ಅಲ್ಲಿಂದ ಮುಂದೆ ಹಸಿವೇ ಸೇನಾಪತಿ. ಪಡಿಗಾಗಿ ಸಾಟೋ ಇಟ್ಟ ಮೊರೆ ಫಲಿಸಲಿಲ್ಲ. ಮೇ ತಿಂಗಳ ಕೊನೆಯ ಹೊತ್ತಿಗೆ, ಮೇಲಿನ ಆಜ್ಞೆಯನ್ನು ಮೀರಿ, ಅವರು ಹಿಂದೆ ಸರಿಯಲು ನಿಶ್ಚಯಿಸಿದರು. ಈ ದಂಡಯಾತ್ರೆಯಲ್ಲಿ ಜಪಾನೀಯರು ಸುಮಾರು 30 ಸಾವಿರ ಮಂದಿ ಮಡಿದರು. ಬಹುಪಾಲು ಜನರನ್ನು ಕೊಂದದ್ದು ಹಸಿವು ಮತ್ತು ರೋಗ. ಅವರೊಡನೆ ಬಂದಿದ್ದ ಆಜಾದ್ ಹಿಂದ್ ಫೌಜಿನ ನಮ್ಮವರೂ ಅದೇ ಹಸಿವನ್ನುಂಡರು.

ಹಾಗೆಂದು ತುಂಬಿದ ಉಗ್ರಾಣವನ್ನು ಹೊಗಳಿ ಸುಮ್ಮನಾಗಲು ನನ್ನ ಮನಸ್ಸು ಒಪ್ಪುವುದಿಲ್ಲ. ದೀಮಾಪುರದಲ್ಲಿ ಮೂಟೆಗಳು ಬೆಳೆಯುತ್ತಿದ್ದ 1943ರಲ್ಲಿಯೇ ನೆರೆಯ ಬಂಗಾಳದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು. ಸೈನಿಕನ ಪಡಿಗೆ ಲೆಕ್ಕವಿತ್ತು, ರಸೀದಿಯಿತ್ತು, ಅದನ್ನು ಕಾಯಲು ಒಂದು ಗುಡ್ಡವೇ ಇತ್ತು. ರೈತನ, ಬೆಸ್ತನ, ಕೂಲಿಯ ಪಡಿಯನ್ನು ಬರೆದಿಡುವ ಪುಸ್ತಕ ಮಾತ್ರ ಯಾರ ಬಳಿಯೂ ಇರಲಿಲ್ಲ.

ಕೋಹಿಮಾದ ರುದ್ರಭೂಮಿಯಲ್ಲಿ ಇಂದು 1,420 ಸಮಾಧಿಗಳಿವೆ. ದಹನವಾದ 917 ಹಿಂದೂ ಮತ್ತು ಸಿಖ್ ಸೈನಿಕರಿಗೆ ಪ್ರತ್ಯೇಕ ಸ್ಮಾರಕವಿದೆ. ಆ ಹೆಸರುಗಳಿಗೆ ನಾವು ತಲೆಬಾಗಲೇಬೇಕು. ಆದರೆ ಬೆಟ್ಟ ಕಡಿದ ತೋಟದ ಕೂಲಿ, ಬೆನ್ನ ಮೇಲೆ ಮೂಟೆ ಹೊತ್ತ ನಾಗಾ ಹಳ್ಳಿಗ, ಒಲೆಯ ಮುಂದೆ ಬೆವತ ಅಡಿಗೆಯವ, ಇವರ ಹೆಸರುಗಳನ್ನು ಹುಡುಕಿ ಹೊರಟರೆ ನಮಗೆ ದೊರೆಯುವುದು ಗುಡ್ಡಗಳಿಗೆ ಅಂಟಿಕೊಂಡ ಕೆಲವು ಇಂಗ್ಲಿಷ್ ಅಕ್ಷರಗಳು. ಅವರ ಪಾಲಿನ ಶಾಸನ ಅಷ್ಟೆ.